ಆಲಿ ಕಲಿಯುವವರಿಗೆ ರಬ್ಬರ್ ವೀಲ್ ಟ್ರೇನರ್: ಕೊಳ್ಳಬೇಕೆ, ಎಷ್ಟು ದಿನ ತೊಡಿಸಿಡಬೇಕು?

ಸ್ಕೇಟ್‌ಬೋರ್ಡಿನ ನಾಲ್ಕು ಚಕ್ರಗಳಿಗೂ ತೊಡಿಸಿ, ಬೋರ್ಡು ಉರುಳದಂತೆ ಹಿಡಿದಿಡುವ ರಬ್ಬರ್ ಕವಚಗಳಿವು. ‘ಸ್ಕೇಟರ್‌ಟ್ರೇನರ್’ ಎಂಬ ಬ್ರಾಂಡಿನಿಂದ ಹೆಸರಾದ ಈ ಸಾಮಾನು ಈಗ ಹೆಸರೇ ಇಲ್ಲದ ಪ್ಯಾಕೆಟ್‌ಗಳಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆಲಿ, ಅಂದರೆ ಕೈ ಮುಟ್ಟಿಸದೆ ಬೋರ್ಡಿನ ಸಮೇತ ಮೇಲಕ್ಕೆ ಹಾರುವ ಜಿಗಿತ, ಕಲಿಯಲು ಹೊರಟವರು ಬೋರ್ಡಿನ ಜೊತೆಗೇ ಇದನ್ನೂ ಕೊಳ್ಳಬೇಕೆ ಎಂದು ಕೇಳುತ್ತಾರೆ. ಉತ್ತರವನ್ನು ಮೊದಲೇ ಹೇಳಿಬಿಡೋಣ. ಭಯ ಬಿಡಿಸಲು ಮತ್ತು ಮುಂಗಾಲು ಎಳೆಯುವ ಚಲನೆಯನ್ನು ಮೈಗೆ ಹತ್ತಿಸಲು ಇದು ನಿಜವಾಗಿ ಒಳ್ಳೆಯದು. ಆದರೆ ಎರಡು ವಾರ ದಾಟಿಯೂ ತೊಡಿಸಿಟ್ಟರೆ, ಬಿಡಿಸಲು ತಿಂಗಳು ಹಿಡಿಯುವ ಒಂದು ತಪ್ಪನ್ನು ಕಾಲಿಗೆ ಕಲಿಸುತ್ತದೆ.

ಆ ತಪ್ಪು ಯಾವುದೆಂದು ತಿಳಿಯಲು ಆಲಿ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು. 1970ರ ದಶಕದ ಕೊನೆಯಲ್ಲಿ ಫ್ಲೋರಿಡಾದ ಅಲನ್ ಗೆಲ್ಫಂಡ್ ಕೈ ಮುಟ್ಟಿಸದೆ ಬೋರ್ಡ್ ಎತ್ತಿಕೊಂಡು ಹಾರಿದ್ದು ಬಟ್ಟಲಿನಂತೆ ತಗ್ಗಾದ ಸ್ಕೇಟಿಂಗ್ ಗುಂಡಿಯಾದ ಬೌಲ್‌ನ ಬಾಗಿದ ಗೋಡೆಗಳ ಮೇಲೆ. ‘ಆಲಿ’ ಎಂಬ ಅವರ ಅಡ್ಡಹೆಸರೇ ಈ ಜಿಗಿತಕ್ಕೂ ಬಂತು. ಅಲ್ಲಿ ಗೋಡೆಯ ಏರೇ ಸವಾರನನ್ನೂ ಬೋರ್ಡನ್ನೂ ಮೇಲಕ್ಕೆ ಕಳಿಸುತ್ತಿತ್ತು. 1980ರ ದಶಕದ ಆರಂಭದಲ್ಲಿ ರಾಡ್ನಿ ಮಲೆನ್ ಅದನ್ನು ಸಮತಟ್ಟು ನೆಲಕ್ಕೆ ತಂದಾಗ ಗೋಡೆಯ ಸಹಾಯ ತಪ್ಪಿತು, ಬೋರ್ಡಿನ ಹಿಂಬದಿಯ ಟೇಲ್ ಅನ್ನು ನೆಲಕ್ಕೆ ಬಡಿದು ಪುಟಿಸುವುದೇ ದಾರಿಯಾಯಿತು. ಈ ಬಡಿತಕ್ಕೆ ಪಾಪ್ ಎನ್ನುತ್ತಾರೆ. ಟೇಲ್ ನೆಲಕ್ಕೆ ತಾಗಿದ ಕ್ಷಣ ಬೋರ್ಡು ಮೂಗೆತ್ತಿ ನಿಲ್ಲುತ್ತದೆ. ಆ ಹೊತ್ತಿಗೆ ಸವಾರ ನೆಲ ಬಿಟ್ಟಿರಬೇಕು. ಮುಂಗಾಲಿನ ಹೊರ ಅಂಚು ಬೋರ್ಡಿನ ಮೇಲೆ ಅಂಟಿಸಿದ ಒರಟು ಗ್ರಿಪ್ ಟೇಪಿನ ಮೇಲೆ ಉಜ್ಜುತ್ತ ಮುಂತುದಿಯ, ಅಂದರೆ ನೋಸಿನ, ಕಡೆಗೆ ಜಾರಿದಾಗ ಬೋರ್ಡು ಕಾಲಿನ ಹಿಂದೆಯೇ ಮೇಲೆದ್ದು ಸಮವಾಗುತ್ತದೆ. ಇದೆಲ್ಲ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ.

ನಿಂತಲ್ಲೇ ಆಲಿ ಮಾಡುವಾಗ ಹೊಸಬರ ಬೋರ್ಡು ಮುಂದಕ್ಕೆ ಚಿಮ್ಮಿ ಹೋಗುತ್ತದೆ, ಅವರು ಹಿಂದಕ್ಕೆ ಬಿದ್ದು ಅಂಗೈ ಊರುತ್ತಾರೆ. ಮಣಿಕಟ್ಟು ಉಳುಕುವುದು ಹೆಚ್ಚಾಗಿ ಹೀಗೇ. ಕಾರಣ ಒಂದೇ, ಮೈಭಾರ, ಚಕ್ರದ ಜೋಡಣೆಯನ್ನು ಹಲಗೆಗೆ ಬಿಗಿದಿರುವ ಹಿಂದಿನ ಬೋಲ್ಟ್‌ಗಳಿಗಿಂತ ಹಿಂದೆ ಬಿದ್ದಿರುತ್ತದೆ. ಟ್ರೇನರ್ ತೊಡಿಸಿದರೆ ಬೋರ್ಡು ಚಿಮ್ಮುವುದಿಲ್ಲ. ಬೀಳುವ ಹೆದರಿಕೆ ಹೋಗಿ ಮುಂಗಾಲಿನ ಮೇಲೆ ಗಮನ ಇಡಲು ಬಿಡುವು ಸಿಗುತ್ತದೆ. ಆದರೆ ಹಿಂದೆ ವಾಲುವ ತಪ್ಪು ಸರಿಹೋಗಿರುವುದಿಲ್ಲ, ಅದನ್ನು ತೋರಿಸಿಕೊಡುತ್ತಿದ್ದ ಚಕ್ರ ಬಾಯಿ ಮುಚ್ಚಿಕೊಂಡಿರುತ್ತದೆ ಅಷ್ಟೆ. ಟ್ರೇನರ್ ಮೇಲೆ ಇಟ್ಟಿಗೆ ಎತ್ತರ ಹಾರುವವರು ಅದನ್ನು ಕಳಚಿದ ದಿನವೇ ಬೆನ್ನಡಿಯಾಗಿ ಬೀಳುವುದಕ್ಕೆ ಇದೇ ಕಾರಣ.

ಕೊಳ್ಳುವವರು ನೋಡಬೇಕಾದ ಮೊದಲ ವಿಷಯ ಅಳತೆ. ಬೀದಿ ಮತ್ತು ಪಾರ್ಕ್ ಸ್ಕೇಟಿಂಗ್‌ನ ಚಕ್ರಗಳು ಸಾಮಾನ್ಯವಾಗಿ 52ರಿಂದ 54 ಮಿ.ಮೀ. ವ್ಯಾಸದವು, ಟ್ರೇನರ್‌ಗಳು ಹೆಚ್ಚಾಗಿ ಇವಕ್ಕೆಂದೇ ಬರುತ್ತವೆ. 60 ಮಿ.ಮೀ. ದಾಟಿದ ಮೆತ್ತನೆಯ ಕ್ರೂಸರ್ ಚಕ್ರಗಳಿಗೆ ಎಳೆದು ತೊಡಿಸಿದರೆ ಅಂಚು ಹರಿಯುತ್ತದೆ. ಸಡಿಲವಾದರೆ ಅದಕ್ಕಿಂತ ಕೆಟ್ಟದ್ದು, ಕವಚ ನಿಂತಿರುವಾಗಲೇ ಒಳಗೆ ಚಕ್ರ ತಿರುಗಿ ಕಾಲಡಿಯ ಬೋರ್ಡು ಅನಿರೀಕ್ಷಿತವಾಗಿ ಸರಿಯುತ್ತದೆ. ತೊಡಿಸಿದ ಮೇಲೆ ಬೋರ್ಡನ್ನು ನೆಲಕ್ಕಿಟ್ಟು ಕೈಯಿಂದ ಜೋರಾಗಿ ನೂಕಿ ನೋಡಿ. ನಾಲ್ಕೂ ಒಟ್ಟಿಗೆ ತಡೆಯಬೇಕು. ಒಂದು ಜಾರಿದರೂ ಬೋರ್ಡು ಓರೆಯಾಗುತ್ತದೆ, ಅಂಥ ಸೆಟ್ಟನ್ನು ವಾಪಸ್ ಮಾಡಿ.

ಎರಡನೆಯದು ರಬ್ಬರಿನ ಗುಣ. ಉಗುರಿನಿಂದ ಒತ್ತಿದರೆ ತಗ್ಗಬೇಕು, ಬಿಟ್ಟರೆ ಮರಳಬೇಕು. ಪ್ಲಾಸ್ಟಿಕ್ಕಿನಂತೆ ಗಡುಸಾಗಿರುವ ಅಗ್ಗದ ನಕಲುಗಳು ನಯವಾದ ನೆಲದ ಮೇಲೆ ಜಾರುತ್ತವೆ, ಚಕ್ರವನ್ನು ಹಿಡಿದೂ ಬೋರ್ಡನ್ನು ಹಿಡಿಯುವುದಿಲ್ಲ. ಒಳ್ಳೆಯ ರಬ್ಬರ್ ಕೂಡ ದೂಳಿದ್ದರೆ ಜಾರುತ್ತದೆ. ಅಭ್ಯಾಸಕ್ಕೆ ಮುಂಚೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ನೆಲವನ್ನೂ ಗುಡಿಸಿ.

ಮನೆಯೊಳಗೆ ಅಭ್ಯಾಸ ಮಾಡಬಹುದು ಎಂಬ ಜಾಹೀರಾತಿನ ಮಾತನ್ನು ನಮ್ಮ ಮನೆಗಳಲ್ಲಿ ನಂಬಬೇಡಿ. ಚಕ್ರಕ್ಕೆ ರಬ್ಬರ್ ಇದ್ದರೂ ನೆಲಕ್ಕೆ ಬಡಿಯುವುದು ಟೇಲಿನ ಮರ. ವಿಟ್ರಿಫೈಡ್ ಟೈಲ್ಸ್ ಬಿರುಕು ಬಿಡಬಹುದು, ರೆಡ್ ಆಕ್ಸೈಡ್ ನೆಲದ ಹೊಳಪು ಹೋಗುತ್ತದೆ, ಅಪಾರ್ಟ್‌ಮೆಂಟ್ ಆದರೆ ಕೆಳಮನೆಯವರಿಗೆ ಪ್ರತಿ ಪಾಪ್ ಕೂಡ ತಲೆ ಮೇಲೆ ಒನಕೆ ಬಿದ್ದಂತೆ ಕೇಳುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್‌ನ ಕಾಂಕ್ರೀಟ್ ಅಥವಾ ಅಂಗಳದ ಸಿಮೆಂಟು ನೆಲ ಉತ್ತಮ. ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಫುಟ್‌ಪಾತ್ ಬೇಡ. ಅದರ ಸಂದುಗಳಲ್ಲಿ ಟೇಲ್ ಸಿಕ್ಕಿ ಒಂದೊಂದು ಪಾಪ್ ಒಂದೊಂದು ರೀತಿ ಬರುತ್ತದೆ, ಆಗ ತಪ್ಪು ಕಾಲಿನದೋ ನೆಲದ್ದೋ ಎಂದು ತಿಳಿಯುವುದೇ ಇಲ್ಲ.

ಟ್ರೇನರ್‌ಗೆ ಹಣ ಹಾಕುವ ಮುಂಚೆ ಬೋರ್ಡನ್ನೇ ತಪಾಸಣೆ ಮಾಡಿ. ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಬೋರ್ಡಿಗೆ ಯಾವ ಟ್ರೇನರ್ ಹಾಕಿದರೂ ಆಲಿ ಬಾರದು, ಏಕೆಂದರೆ ಅದರ ಟೇಲ್‌ಗೆ ಪುಟಿತವೇ ಇಲ್ಲ. ಏಳು ಪದರ ಮೇಪಲ್ ಮರದ ಡೆಕ್, ಅಂದರೆ ಹಲಗೆ, ಬೇಕು. ವಯಸ್ಕರಿಗೆ 8ರಿಂದ 8.25 ಇಂಚು ಅಗಲ, ಹತ್ತು ವರ್ಷದೊಳಗಿನವರಿಗೆ 7.5 ಇಂಚಿನ ಆಸುಪಾಸು. ಚಕ್ರಗಳನ್ನು ಹಿಡಿದಿರುವ ಲೋಹದ ಜೋಡಣೆಯಾದ ಟ್ರಕ್‌ನ ಆಕ್ಸಲ್ ಡೆಕ್ಕಿನಷ್ಟೇ ಅಗಲವಿರಬೇಕು, ಕಾಲು ಇಂಚಿನವರೆಗಿನ ವ್ಯತ್ಯಾಸ ನಡೆಯುತ್ತದೆ. ಮಳೆಯಲ್ಲಿ ನೆನೆದ ಡೆಕ್ ಒಣಗಿದರೂ ಮೊದಲಿನ ಪುಟಿತ ಕೊಡುವುದಿಲ್ಲ, ಮಲೆನಾಡು ಕರಾವಳಿಯವರು ಜೂನ್‌ನಿಂದ ಬೋರ್ಡನ್ನು ಜಗಲಿಯಲ್ಲಿ ಬಿಡಬಾರದು. ಟೇಲನ್ನು ಕಲ್ಲುನೆಲಕ್ಕೆ ಬಡಿದಾಗ ಗಟ್ಟಿ ‘ಟಕ್’ ಎಂಬ ಸದ್ದು ಬಂದರೆ ಮರ ಚೆನ್ನಾಗಿದೆ. ‘ಧಪ್’ ಎಂದರೆ ಪದರ ಬಿಟ್ಟಿದೆ ಅಥವಾ ನೀರು ಕುಡಿದಿದೆ.

ಟ್ರೇನರ್ ಮುಟ್ಟಲಾರದ ಇನ್ನೊಂದು ಭಾಗ ಬುಶಿಂಗ್, ಟ್ರಕ್ಕಿನ ನಡುಬೋಲ್ಟಿಗೆ ತೊಡಿಸಿದ ಮೆತ್ತನೆಯ ಉಂಗುರ. ಚಕ್ರ ಉರುಳದಿದ್ದರೂ ಟ್ರಕ್ ಎಡಬಲಕ್ಕೆ ವಾಲುತ್ತಲೇ ಇರುತ್ತದೆ. ಬೋಲ್ಟ್‌ಗಳ ಮೇಲೆ ನಿಂತು ಬೆರಳು, ಹಿಮ್ಮಡಿಗಳ ಮೇಲೆ ಭಾರ ಬದಲಿಸಿದಾಗ ಬೋರ್ಡು ಗಡಗಡ ಅಲ್ಲಾಡಿದರೆ ಆ ನಡುಬೋಲ್ಟಿನ, ಅಂದರೆ ಕಿಂಗ್‌ಪಿನ್ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ. ಅದಕ್ಕೆ 9/16 ಇಂಚಿನ ಸ್ಪ್ಯಾನರ್ ಬೇಕು. ಸ್ಕೇಟ್ ಟೂಲ್ ಎಂದು ಸಿಗುವ ಟಿ ಆಕಾರದ ಉಪಕರಣದಲ್ಲಿ ಇದರ ಜೊತೆಗೆ ಆಕ್ಸಲ್‌ನ 1/2 ಇಂಚು, ಡೆಕ್ ಬೋಲ್ಟ್‌ನ 3/8 ಇಂಚಿನ ಸಾಕೆಟ್ ಕೂಡ ಇರುತ್ತದೆ. ಟ್ರೇನರ್ ಮತ್ತು ಟೂಲ್ ಎರಡರಲ್ಲಿ ಒಂದಕ್ಕಷ್ಟೇ ಹಣವಿದ್ದರೆ ಟೂಲನ್ನೇ ಕೊಳ್ಳಿ, ಅದು ವರ್ಷಗಟ್ಟಲೆ ಬೇಕಾಗುತ್ತದೆ.

ಇನ್ನು ಬಳಕೆ. ಹೆಲ್ಮೆಟ್, ರಿಸ್ಟ್ ಗಾರ್ಡ್, ಚಪ್ಪಟೆ ಅಟ್ಟೆಯ ಸ್ವೇಡ್ ಶೂ ಹಾಕಿಕೊಳ್ಳಿ. ರನ್ನಿಂಗ್ ಶೂ ಬೇಡ, ಅದರ ದಪ್ಪ ಅಟ್ಟೆಯಲ್ಲಿ ಬೋರ್ಡಿನ ಸ್ಪರ್ಶ ತಿಳಿಯುವುದಿಲ್ಲ, ಜಾಲರಿ ಬಟ್ಟೆ ಗ್ರಿಪ್ ಟೇಪಿಗೆ ಬೇಗ ಹರಿಯುತ್ತದೆ.

ಮೊದಲ ಎರಡು ದಿನ ಪಾಪ್ ಮಾಡಬೇಡಿ. ಎರಡೂ ಕಾಲನ್ನು ಬೋಲ್ಟ್‌ಗಳ ಮೇಲಿಟ್ಟು ನೇರ ಮೇಲಕ್ಕೆ ಹಾರಿ ಅದೇ ಬೋಲ್ಟ್‌ಗಳ ಮೇಲೆ ಮಂಡಿ ಬಗ್ಗಿಸಿ ಇಳಿಯಿರಿ, 20 ಸಲ. ಮುಂದಿನ ಚಕ್ರದ ಪಕ್ಕದಲ್ಲಿ ನೆಲದ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು, ಗೆಳೆಯರೊಬ್ಬರಿಂದ ಪಕ್ಕದಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಜಿಗಿತದ ತುದಿಯಲ್ಲಿ ಸೊಂಟ ಬೋರ್ಡಿನ ನಡುಭಾಗದ ಮೇಲೆ ಇರಬೇಕು. ಹಿಂದಿನ ಚಕ್ರದ ಮೇಲೆ ಕಂಡರೆ ವಾಲುವಿಕೆ ಶುರುವಾಗಿದೆ ಎಂದರ್ಥ. ಟ್ರೇನರ್ ಮುಚ್ಚಿಡುವ ತಪ್ಪನ್ನು ಹಿಡಿದುಕೊಡುವುದು ಈ ವಿಡಿಯೊ, ದಿನಕ್ಕೆ ಒಮ್ಮೆಯಾದರೂ ನೋಡಿ.

ಮೂರನೆಯ ದಿನ ಪಾದಗಳ ಜಾಗ ಬದಲಿಸಿ. ಹಿಂಗಾಲಿನ ಬೆರಳುಬುಡ ಟೇಲಿನ ನಡುವೆ ಇರಲಿ, ಹಿಮ್ಮಡಿ ಸ್ವಲ್ಪ ಎತ್ತಿರಲಿ. ಮುಂಗಾಲು ಮುಂದಿನ ಬೋಲ್ಟ್‌ಗಳ ಹಿಂದೆ ಎರಡು ಮೂರು ಬೆರಳಗಲ ಬಿಟ್ಟು, ಸ್ವಲ್ಪ ಓರೆಯಾಗಿ. ಈಗ ಹಿಂಗಾಲನ್ನು ಟೇಲಿನಿಂದ ಪಕ್ಕಕ್ಕೆ ನೆಲಕ್ಕಿಳಿಸುತ್ತಾ ಟೇಲನ್ನು ಬಡಿದು, ಮುಂಗಾಲಿನ ಹೊರ ಅಂಚಿನಿಂದ ಮಾತ್ರ ಬೋರ್ಡನ್ನು ಎಳೆದು ಎಬ್ಬಿಸುವ ಅಭ್ಯಾಸ ಮಾಡಿ. ಕಿರುಬೆರಳಿನ ಪಕ್ಕ ಶೂ ಸವೆಯಲು ಆರಂಭಿಸಿದರೆ ಚಲನೆ ಸರಿಯಿದೆ. ಟ್ರೇನರ್ ತನ್ನ ಬೆಲೆ ತೀರಿಸುವುದು ಇಲ್ಲಿಯೇ, ಬೋರ್ಡು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತಿರುವುದರಿಂದ ಒಂದೇ ಚಲನೆಯನ್ನು ನೂರು ಸಲ ಮಾಡಬಹುದು.

ಆಮೇಲೆ ಪೂರ್ತಿ ಜಿಗಿತ. ಕುಕ್ಕರಿಸಿ, ಎರಡೂ ಕಾಲಿನಿಂದ ಮೇಲಕ್ಕೆ ಹಾರಿ. ಕೊನೆಗೆ ನೆಲ ಬಿಡುವ ಹಿಂಗಾಲು ಕಣಕಾಲಿನಿಂದ ಟೇಲನ್ನು ಚಿಮ್ಮಿಸಲಿ. ಕಾಲಿನಿಂದ ತುಳಿಯುವುದು ಬೇರೆ, ಕಣಕಾಲಿನಿಂದ ಚಿಮ್ಮಿಸುವುದು ಬೇರೆ. ತುಳಿದರೆ ಟೇಲ್ ನೆಲಕ್ಕೆ ಅಂಟಿಕೊಂಡೇ ಉಳಿಯುತ್ತದೆ. ಚಿಮ್ಮಿಸಿದ ತಕ್ಷಣ ಹಿಂಗಾಲನ್ನು ಮೇಲೆಳೆದುಕೊಳ್ಳಿ, ಮುಂದಿನ ಮಂಡಿ ಎದೆಯತ್ತ ಬರಲಿ.

ಹಿಂದಿನ ಚಕ್ರ ನೆಲ ಬಿಡದೆ ಮೂಗಷ್ಟೇ ಏಳುತ್ತಿದ್ದರೆ ಹಿಂಗಾಲು ಭಾರ ಬಿಟ್ಟಿಲ್ಲ, ಜಿಗಿತಕ್ಕೆ ಮುಂಚೆಯೇ ಪಾಪ್ ಬಂದಿದೆ. ಬೋರ್ಡು ರಾಕೆಟ್ಟಿನಂತೆ ಮೂಗೆತ್ತಿ ಹಾರುತ್ತಿದ್ದರೆ ಮುಂಗಾಲು ನೋಸಿನವರೆಗೆ ಜಾರದೆ ನಡುವೆಯೇ ನಿಂತಿದೆ. ಗಾಳಿಯಲ್ಲಿ ಬೋರ್ಡು ಅಡ್ಡ ತಿರುಗಿದರೆ ಕಾಲನ್ನು ಬಿಟ್ಟು ಭುಜ ನೋಡಿ, ಮುಂದಿನ ಭುಜ ಹೊರಗೆ ತೆರೆದುಕೊಂಡರೆ ಬೋರ್ಡು ಅದರ ಹಿಂದೆ ಹೋಗುತ್ತದೆ. ಭುಜಗಳನ್ನು ಬೋರ್ಡಿನ ಉದ್ದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಒಂದು ಕಾಲು ಬೋರ್ಡಿನ ಮೇಲೆ, ಇನ್ನೊಂದು ನೆಲದ ಮೇಲೆ ಇಳಿಯುವುದು ಮಾತ್ರ ತಂತ್ರದ ತಪ್ಪಲ್ಲ, ಭಯ. ಇದಕ್ಕೆ ಟ್ರೇನರ್‌ನಷ್ಟು ಬೇಗ ಗುಣ ಕೊಡುವ ಮದ್ದು ಇನ್ನೊಂದಿಲ್ಲ. ಹೀಗೆ ಒಂಟಿ ಕಾಲಿನಲ್ಲೇ ವಾರಗಟ್ಟಲೆ ಸಿಕ್ಕಿಬಿದ್ದವರು ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು.

ಗಮನಿಸಬೇಕಾದ ಸಣ್ಣ ದೋಷವೊಂದಿದೆ. ಕವಚದ ದಪ್ಪ ಬೋರ್ಡನ್ನು ಕೆಲವು ಮಿಲಿಮೀಟರ್ ಎತ್ತರಿಸುತ್ತದೆ, ಟೇಲ್ ನೆಲ ಮುಟ್ಟಲು ಅಷ್ಟು ಹೆಚ್ಚು ದೂರ ಹೋಗಬೇಕು. ತೂಕವೂ ಸ್ವಲ್ಪ ಏರುತ್ತದೆ. ಹೀಗಾಗಿ ಕಳಚಿದ ಮೇಲೆ ಪಾಪ್ ಬೇಗ ಬಂದಂತೆ ಅನ್ನಿಸುತ್ತದೆ, ಒಂದೆರಡು ದಿನ ಹೊತ್ತು ತಪ್ಪುವುದು ಸಹಜ.

ಕಳಚುವ ಕ್ರಮ ಹೀಗಿರಲಿ. 10 ಪ್ರಯತ್ನದಲ್ಲಿ 5 ಸಲ ಎರಡೂ ಕಾಲು ಬೋರ್ಡಿನ ಮೇಲೆ ಇಳಿಯಲು ಶುರುವಾದ ದಿನವೇ ಮುಂದಿನ ಎರಡು ಕವಚ ತೆಗೆಯಿರಿ. ಎತ್ತರ ಬಂದಿಲ್ಲ ಎಂದು ಕಾಯಬೇಡಿ. ಹಿಂದಿನ ಎರಡು ಉಳಿದಿದ್ದಾಗ ಬೋರ್ಡು ಓಡಿಹೋಗದು, ಆದರೆ ಓರೆಯಾಗಿ ಇಳಿದರೆ ಮುಂದಿನ ಚಕ್ರ ಸರಿದು ತಪ್ಪನ್ನು ಹೇಳುತ್ತದೆ. ಮೂರು ನಾಲ್ಕು ದಿನ ಇದು ಸಾಕು. ಆಮೇಲೆ ಎಲ್ಲವನ್ನೂ ತೆಗೆದು, ಒಂದು ಸಲ ಮಾತ್ರ ಕಾಲೂರಿ ತಳ್ಳಿ, ನಡಿಗೆಯ ವೇಗದಲ್ಲಿ ಉರುಳುತ್ತ ಮಾಡಿ. ನಿಂತ ಬೋರ್ಡಿಗಿಂತ ನಿಧಾನವಾಗಿ ಉರುಳುವ ಬೋರ್ಡಿನ ಮೇಲೆ ಸಮತೋಲ ಸುಲಭ. ಸವಾರನೂ ಬೋರ್ಡೂ ಒಂದೇ ವೇಗದಲ್ಲಿ ಸಾಗುತ್ತಿರುವುದರಿಂದ ನೇರ ಮೇಲಕ್ಕೆ ಹಾರಿದರೆ ಸಾಕು, ಬೋರ್ಡು ಜೊತೆಗೇ ಬರುತ್ತದೆ. ಮೊದಲು ಚಾಕ್ ಗೆರೆ ದಾಟಿ, ಆಮೇಲೆ ನೀರಿನ ಪೈಪಿನ ತುಂಡು, ಆಮೇಲೆ ಹವಾಯಿ ಚಪ್ಪಲಿ. ಅಡ್ಡ ಮಲಗಿಸಿದ ಇಟ್ಟಿಗೆ ದಾಟುವ ಹೊತ್ತಿಗೆ ಟ್ರೇನರ್ ಪೆಟ್ಟಿಗೆ ಸೇರಿ ಬಹಳ ದಿನವಾಗಿರಬೇಕು.

ದುಡ್ಡು ಕೊಡದೆಯೂ ಇದೇ ಕೆಲಸ ಆಗುತ್ತದೆ. ಚಪ್ಪಡಿ ಕಲ್ಲು ಹಾಸಿದ ಅಂಗಳವಿದ್ದರೆ ಹಿಂದಿನ ಎರಡು ಚಕ್ರವನ್ನು ಕಲ್ಲುಗಳ ನಡುವಿನ ಸಂದಿಗೆ ಇಳಿಸಿ ನಿಲ್ಲಿಸಿ, ಬೋರ್ಡು ಸರಿಯದು. ತೆಂಗಿನ ನಾರಿನ ದಪ್ಪ ಕಾಲೊರಸು, ಗಿಡ್ಡ ಹುಲ್ಲಿನ ಮೈದಾನ ಕೂಡ ಚಕ್ರ ಹಿಡಿಯುತ್ತವೆ. ಆದರೆ ಹುಲ್ಲು ಪಾಪ್‌ನ ಪುಟಿತವನ್ನು ನುಂಗುತ್ತದೆ, ಅಲ್ಲಿ ಇಳಿಯುವುದನ್ನು ಕಲಿಯಬಹುದು, ಎತ್ತರ ಬಾರದು. ಪುಟಿತ ಉಳಿಸಿಕೊಂಡು ಚಕ್ರ ಹಿಡಿಯುವುದರಲ್ಲಿ ಟ್ರೇನರ್ ಈ ಉಪಾಯಗಳಿಗಿಂತ ಮುಂದಿದೆ, ಕಲ್ಲಿನ ಸಂದಿ ಮಾತ್ರ ಅದಕ್ಕೆ ಸರಿಸಮ. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಕಲೆಕ್ಟಿವ್‌ನಂಥ ಸ್ಕೇಟರ್‌ಗಳ ಬಳಗ ಇದೆ. ಪಾರ್ಕಿಗೆ ಹೋಗಿ ಪಳಗಿದವರ ಜೊತೆ ಕಲಿಯುವ ಅನುಕೂಲ ಇರುವವರಿಗೆ ಟ್ರೇನರ್ ಬೇಕಿಲ್ಲ, ಎರಡೂ ಕೈ ಹಿಡಿದು ನಿಲ್ಲಿಸುವವರು ಸಿಕ್ಕರೆ ರಬ್ಬರ್ ಮಾಡುವ ಕೆಲಸವನ್ನು ಅವರು ಇನ್ನೂ ಚೆನ್ನಾಗಿ ಮಾಡುತ್ತಾರೆ, ವಾಲಿದಾಗ ಹೇಳಿಯೂ ಬಿಡುತ್ತಾರೆ.

ಒಬ್ಬರೇ ಕಲಿಯುತ್ತಿದ್ದರೆ, ಜೊತೆಗೆ ಒಮ್ಮೆ ಬಿದ್ದು ಹೆದರಿದ್ದರೆ ಕೊಳ್ಳಿ. ಇಬ್ಬರು ಮೂವರು ಗೆಳೆಯರಿದ್ದರೆ ಒಂದೇ ಸೆಟ್ಟು ಕೊಂಡು ಎರಡೆರಡು ವಾರ ಹಂಚಿಕೊಳ್ಳಿ. ಬಿಸಿಲಿನಲ್ಲಿ ಬಿಟ್ಟರೆ ರಬ್ಬರ್ ಗಡುಸಾಗುತ್ತದೆ, ಚಕ್ರದಿಂದ ಕಳಚಿ ನೆರಳಿನಲ್ಲಿ ಇಡಿ.