ವಾರಿಯರ್‌ಗೆ ಡಂಜನ್ ಬೂಸ್ಟ್ ಕೊಳ್ಳಬೇಡಿ, ಮುಂಗಡ ಕೊಟ್ಟಂತೂ ಬೇಡವೇ ಬೇಡ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟದಲ್ಲಿ ಹೊಸದಾಗಿ ವಾರಿಯರ್ (ಆಯುಧ ಹಿಡಿದು ಹೊಡೆದಾಡುವ ಪಾತ್ರ) ಶುರು ಮಾಡಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಲೆವೆಲ್ ಬೇಗ ಏರಲಿ ಅಂತ ಒಬ್ಬ ಬೂಸ್ಟರ್‌ಗೆ 75 ಗೋಲ್ಡ್ (ಆಟದೊಳಗಿನ ಹಣ) ಮುಂಗಡ ಕೊಟ್ಟು ಡಂಜನ್‌ನ 30 ರನ್ (ಸುತ್ತು) ಕೊಂಡೆ. ಸಿಕ್ಕಿದ್ದು 17. ಅದರಲ್ಲೂ ಮೂರು ರನ್‌ನಲ್ಲಿ ನನ್ನ ಪಾತ್ರ ಸತ್ತು ಬಿದ್ದಿತ್ತು, ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಹೆಚ್ಚುಕಡಿಮೆ ಸೊನ್ನೆ. ಕೊನೆಗೆ ಡಂಜನ್ ಒಳಗಿರುವಾಗಲೇ ಪಾರ್ಟಿಯಿಂದ (ಒಟ್ಟಿಗೆ ಆಡುವ ಗುಂಪಿನಿಂದ) ಕಿತ್ತು ಹಾಕಿದ. ಕೇಳಿದ್ದಕ್ಕೆ ಇಗ್ನೋರ್. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಯಾಕೆಂದರೆ ಮುಂಗಡ ಕೊಡಬಾರದು ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ.

ಬೂಸ್ಟ್ ನಡೆಯುವುದು ಹೀಗೆ. 60ನೇ ಲೆವೆಲ್ ಮೇಜ್ (ಮಂತ್ರವಾದಿ ಪಾತ್ರ) ಒಬ್ಬ ಸ್ಕಾರ್ಲೆಟ್ ಮೊನಾಸ್ಟರಿ ಎಂಬ ಡಂಜನ್‌ನ ಒಂದು ವಿಂಗ್‌ನಲ್ಲಿರುವ ಮಾಬ್‌ಗಳನ್ನೆಲ್ಲ (ಆಟದ ಶತ್ರುಗಳು) ಒಟ್ಟಿಗೆ ಎಳೆದು ತಂದು, ಫ್ರಾಸ್ಟ್ ನೋವಾ ಮಂತ್ರದಲ್ಲಿ ಹಿಡಿದಿಟ್ಟು, ಬ್ಲಿಜರ್ಡ್ ಮಂತ್ರ ಸುರಿದು ಕೊಲ್ಲುತ್ತಾನೆ. ಕೊಂಡವರು ಬಾಗಿಲ ಹತ್ತಿರ ನಿಂತಿರಬೇಕು, ಅಷ್ಟೇ ಕೆಲಸ. ಗಂಟೆಗೆ 5 ಇನ್‌ಸ್ಟನ್ಸ್ (ಹೊಸದಾಗಿ ಡಂಜನ್ ಹೊಗುವುದು), ದಿನಕ್ಕೆ 30, ಅದರಾಚೆ ಆಟವೇ ಒಳಗೆ ಬಿಡುವುದಿಲ್ಲ. ಅಂದರೆ 30 ರನ್ ಅಂದರೆ ಕಡಿಮೆ ಎಂದರೂ ಆರು ಗಂಟೆಯ ಬಾಬತ್ತು. ಈ ಲೆಕ್ಕ ನೆನಪಿರಲಿ. ಆ ಮನುಷ್ಯ ನನ್ನನ್ನು ಸಿಕ್ಕಿಸಿದ್ದು ಇದರಲ್ಲೇ.

ಮೊದಲ ದಿನ ಎಲ್ಲ ಸರಿಯಾಗಿತ್ತು. 26ನೇ ಲೆವೆಲ್‌ನಲ್ಲಿ ಹೋದೆ. ಕ್ಯಾಥೆಡ್ರಲ್ ವಿಂಗ್, ರನ್‌ಗೆ 3 ಗೋಲ್ಡ್, ಐದು ರನ್‌ಗೊಮ್ಮೆ 15 ಗೋಲ್ಡ್ ಟ್ರೇಡ್. ಕೊಂಡವರು ನಾನು ಮತ್ತು ಇನ್ನೊಬ್ಬರು, ಇಬ್ಬರೇ. ಕೆಲಸ ಚುರುಕು, ಮಾತು ಕಡಿಮೆ, ಲೆಕ್ಕ ಪಕ್ಕಾ. 30 ರನ್ ಮುಗಿದು ಅಂದಿನ ಮಿತಿ ತುಂಬಿತು. ಆಗ ಪಿಸುಮಾತಿನಲ್ಲಿ ಮೆಸೇಜ್ ಬಂತು: "ಬ್ರೋ, ನಾಳೆಯ 30 ರನ್‌ಗೆ ಈಗಲೇ ಕೊಟ್ಟರೆ 75ಕ್ಕೆ ಮುಗಿಸ್ತೀನಿ. ನಾಳೆ ಬೇರೆಯವರು ಕೇಳ್ತಿದ್ದಾರೆ, ಸೀಟು ಹಿಡಿದಿಡಬೇಕು."

90ರ ಬದಲು 75. ಇಡೀ ದಿನ ಒಂದು ರನ್ ಕೂಡ ತಪ್ಪಿಸದ ಮನುಷ್ಯ. ಟ್ರೇಡ್ ವಿಂಡೋ ತೆರೆದು 75 ಹಾಕಿ ಅಕ್ಸೆಪ್ಟ್ ಒತ್ತಿದೆ. ಆ ಒಂದು ಕ್ಲಿಕ್. ಮೊದಲ ದಿನದ ಆ ಶಿಸ್ತೆಲ್ಲ ಈ ಕ್ಲಿಕ್‌ಗಾಗಿಯೇ ಇತ್ತು ಅಂತ ಆಮೇಲೆ ಗೊತ್ತಾಯಿತು. 15 ಗೋಲ್ಡ್ ಉಳಿಸಲು ಹೋಗಿ 75ನ್ನು ಅವನ ಕೈಗಿಟ್ಟೆ.

ಎರಡನೇ ದಿನ ಲಾಗಿನ್ ಆದರೆ ಪಾರ್ಟಿಯಲ್ಲಿ ಐದು ಜನ. ಮೇಜ್ ಒಬ್ಬ, ಕೊಂಡವರು ನಾಲ್ವರು. ಪಾರ್ಟಿಯ ಎಕ್ಸ್‌ಪಿ ಎಲ್ಲರ ಲೆವೆಲ್ ಕೂಡಿಸಿ ಅದರ ಅನುಪಾತದಲ್ಲಿ ಹಂಚಿಕೆಯಾಗುತ್ತದೆ. ತಲೆ ಹೆಚ್ಚಾದಷ್ಟೂ ನಮ್ಮ ಪಾಲು ಕರಗುತ್ತದೆ. ಇಬ್ಬರಿದ್ದಾಗಿನ ರನ್ನೂ ನಾಲ್ವರಿದ್ದಾಗಿನ ರನ್ನೂ ಒಂದೇ ಅಲ್ಲ, ಬೆಲೆ ಒಂದೇ ಆಗಬಾರದು. ಕೇಳಿದೆ. ಉತ್ತರ: "ಡಿಸ್ಕೌಂಟ್ ಕೊಟ್ಟಿದ್ದೀನಲ್ಲ ಬ್ರೋ." ಡಿಸ್ಕೌಂಟ್ ಮುಂಗಡಕ್ಕೆ ಕೊಟ್ಟದ್ದು ಅಂದೆ. ಉತ್ತರ ಇಲ್ಲ. ಎಳೆಯಲು ಹೊರಟೇಬಿಟ್ಟ.

ನಾಲ್ಕನೇ ರನ್‌ನಲ್ಲಿ ನಿಲ್ಲುವ ಜಾಗ ಬದಲಿಸಿದ. "ಬಾಗಿಲಲ್ಲಿ ಬೇಡ, ಒಳಗೆ ಬಂದು ಎಡಗಡೆ ಗೋಡೆಗೆ ಒರಗಿ ನಿಲ್ಲಿ, ದೂರ ಇದ್ದರೆ ಎಕ್ಸ್‌ಪಿ ಸಿಗಲ್ಲ." ದೂರ ಇದ್ದರೆ ಎಕ್ಸ್‌ಪಿ ಸಿಗದು, ಅದು ನಿಜ. ಆದರೆ ಅವನು ತೋರಿಸಿದ ಜಾಗ ಮಾಬ್‌ಗಳು ಓಡಾಡುವ ದಾರಿ. ಬಂದವು, ಎರಡು ಹೊಡೆತಕ್ಕೆ ಮುಗಿಯಿತು. ಸತ್ತವರಿಗೆ ಎಕ್ಸ್‌ಪಿ ಇಲ್ಲ. ಸ್ಮಶಾನದಿಂದ ಭೂತವಾಗಿ ಓಡಿ ಬಂದು ಮತ್ತೆ ಒಳಗೆ ಹೊಕ್ಕುವಷ್ಟರಲ್ಲಿ ಮಾಬ್‌ಗಳೆಲ್ಲ ಸತ್ತಿದ್ದವು. ಹೀಗೆ ಮೂರು ಸಲ. ಮೂರು ಸಲವೂ ಅದನ್ನು ರನ್ ಅಂತಲೇ ಎಣಿಸಿದ.

"ಇದು ಲೆಕ್ಕಕ್ಕೆ ಬರಬಾರದು" ಅಂದೆ.
"ಡೆಡ್ ರನ್ನೂ ರನ್ನೇ."
"ನೀನು ಹೇಳಿದ ಜಾಗದಲ್ಲೇ ನಿಂತಿದ್ದೆ."
"ಸರ್ವರ್ ಲ್ಯಾಗ್ ಬ್ರೋ, ನಾನೇನು ಮಾಡ್ಲಿ."
ಮೂರನೇ ಸಲ: "ರೂಲ್ಸ್ ನಿನ್ನೆ ಹಾಕಿದ್ದೆ, ಮೇಲೆ ಹೋಗಿ ಓದ್ಕೋ."

ಮೇಲೆ ಹೋಗಿ ಓದಿದೆ. ಮೊದಲ ದಿನ ಶುರುವಿನಲ್ಲಿ ಒಂದು ಮ್ಯಾಕ್ರೋ (ಮೊದಲೇ ಬರೆದಿಟ್ಟ ಮೆಸೇಜ್) ಒತ್ತಿದ್ದ, ನಾಲ್ಕು ಸಾಲು, ಯಾರೂ ಓದದ ಥರದ್ದು. ಸತ್ತರೆ ರೀಫಂಡ್ ಇಲ್ಲ, ಲೂಟ್ (ಮಾಬ್‌ಗಳಿಂದ ಬೀಳುವ ವಸ್ತು) ಎಲ್ಲ ನನ್ನದು, ಹೀಗೆ. ಇದ್ದದ್ದು ನಿಜ. ಆದರೆ ಸಾಯುವ ಜಾಗದಲ್ಲಿ ನಿಲ್ಲಿಸಿ ಸತ್ತರೆ ರೀಫಂಡ್ ಇಲ್ಲ ಅನ್ನುವುದು ರೂಲ್ ಅಲ್ಲ, ಮೋಸ.

ಹದಿನೇಳನೇ ರನ್. ಆ ಹೊತ್ತಿಗೆ ಕ್ಯಾಥೆಡ್ರಲ್ ಬಿಟ್ಟು ಆರ್ಮರಿ ವಿಂಗ್‌ಗೆ ಬಂದಿದ್ದೆವು, ನನ್ನ ಲೆವೆಲ್ 37. ಆರ್ಮರಿಯ ಕೊನೆಗೆ ಹೆರಾಡ್ ಎಂಬ ಬಾಸ್ ಇರುತ್ತಾನೆ, ಅವನಿಂದ ರ್‍ಯಾವೆಜರ್ ಬೀಳುತ್ತದೆ ಅಂತ ವಾರಿಯರ್ ಆಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ಕೈಯ ಆಕ್ಸ್, 37ಕ್ಕೆ ಹಿಡಿಯಬಹುದು, ಆ ಲೆವೆಲ್‌ನಲ್ಲಿ ಎಲ್ಲರೂ ಆಸೆಪಡುವ ಆಯುಧ. ಅವತ್ತು ಬಿತ್ತು. ಪಾರ್ಟಿಯಲ್ಲಿ ನಾನೊಬ್ಬನೇ ವಾರಿಯರ್. ಉಳಿದ ಮೂವರೂ ಬಟ್ಟೆ ತೊಡುವ ಕ್ಲಾಸ್‌ಗಳು, ಯಾರಿಗೂ ಅದು ಬೇಡ. ಮೇಜ್ ಅದನ್ನು ಹಿಡಿಯಲೂ ಆಗದು. ಮಾಸ್ಟರ್ ಲೂಟ್ ಇತ್ತು, ಅಂದರೆ ಬಿದ್ದದ್ದು ಯಾರಿಗೆ ಅಂತ ಅವನೇ ಹಂಚುವುದು. ಮರ್ಯಾದೆಯಿಂದ ಕೇಳಿದೆ, ಬೇಕಾದರೆ ಇನ್ನೂ 10 ಗೋಲ್ಡ್ ಕೊಡುತ್ತೇನೆ ಅಂದೆ. ಅವನು ತನಗೇ ಹಾಕಿಕೊಂಡ. ಅದು ಎತ್ತಿಕೊಂಡವರಿಗೇ ಅಂಟಿಕೊಳ್ಳುವ ಐಟಂ, ಒಮ್ಮೆ ಅವನ ಚೀಲಕ್ಕೆ ಹೋದರೆ ನನಗೆ ಬರುವ ದಾರಿಯೇ ಇಲ್ಲ. ಸ್ವಲ್ಪ ಹೊತ್ತಿಗೆ ಪಾರ್ಟಿ ಚಾಟ್‌ನಲ್ಲಿ ಒಂದು ಶಾರ್ಡ್‌ನ (ಮಂತ್ರದ ಚೂರು) ಲಿಂಕ್ ಹಾಕಿದ. ಆಕ್ಸನ್ನೇ ಒಡೆದು ಪುಡಿ ಮಾಡಿದ್ದ.

ಅದರ ಜೊತೆಗೆ ಬರೆದದ್ದು: "ನಿನ್ನ ಆಕ್ಸ್ ಸ್ಕಿಲ್ 1 ಅಂತ ನೀನೇ ಹೇಳಿದ್ದೆಯಲ್ಲ. ಇಟ್ಕೊಂಡು ಏನ್ ಮಾಡ್ತಿದ್ದೆ?"

ಈ ಸಾಲು ಇನ್ನೂ ತಲೆಯಲ್ಲಿದೆ. ಸಿಟ್ಟಿನಲ್ಲಿ ನಾನು ಬರೆದ ಉತ್ತರ ಮುಗಿಯುವ ಮೊದಲೇ ಪಾರ್ಟಿಯಿಂದ ತೆಗೆದಿದ್ದ. ಒಳಗಿರುವಾಗ ಪಾರ್ಟಿಯಿಂದ ತೆಗೆದರೆ 60 ಸೆಕೆಂಡ್ ಎಣಿಸಿ ಆಟವೇ ನಮ್ಮನ್ನು ಆಚೆ ಎಸೆಯುತ್ತದೆ. ಆ 60 ಸೆಕೆಂಡ್ ಪೂರ್ತಿ ಮೆಸೇಜ್ ಕಳಿಸಿದೆ. ಉಳಿದ 13 ರನ್ ಏನಾಯಿತು, ಏನಾಯಿತು ಅಂತ. ಒಂದೇ ಉತ್ತರ ಬಂತು: "ಟಾಕ್ಸಿಕ್ ಆದವರಿಗೆ ರೀಫಂಡ್ ಇಲ್ಲ." ಮುಂದಿನ ಮೆಸೇಜ್‌ಗೆ ಅವನು ನನ್ನನ್ನು ಇಗ್ನೋರ್ ಮಾಡಿದ್ದಾನೆ ಅಂತ ಆಟವೇ ತಿಳಿಸಿತು.

ಗೋಲ್ಡ್ ಹೋಯಿತು. ಇನ್ನು ದೊಡ್ಡ ನಷ್ಟದ ಮಾತಿಗೆ ಬರುತ್ತೇನೆ, ಯಾಕೆಂದರೆ ಪ್ರಾಮಾಣಿಕ ಬೂಸ್ಟರ್ ಸಿಕ್ಕರೂ ಇದು ತಪ್ಪುವುದಿಲ್ಲ. ಆಕ್ಸ್ ಸ್ಕಿಲ್ ಬಗ್ಗೆ ಅವನು ಹೇಳಿದ್ದು ಚುಚ್ಚಿದ್ದೂ ಅದು ನಿಜವಾಗಿದ್ದರಿಂದ.

ಕ್ಲಾಸಿಕ್‌ನಲ್ಲಿ ಪ್ರತಿ ಆಯುಧಕ್ಕೂ ಬೇರೆ ಸ್ಕಿಲ್ ಇದೆ, ಗರಿಷ್ಠ ಮಿತಿ ಲೆವೆಲ್‌ನ ಐದು ಪಟ್ಟು. 26ಕ್ಕೆ 130, 37ಕ್ಕೆ 185. ಮಿತಿ ತಾನಾಗಿ ಏರುತ್ತದೆ, ಸ್ಕಿಲ್ ಏರುವುದಿಲ್ಲ. ಅದು ಏರುವುದು ನೀವು ಕೈಯಾರೆ ಮಾಬ್‌ಗೆ ಹೊಡೆದರೆ ಮಾತ್ರ. 47 ರನ್ ಗೋಡೆಗೆ ಒರಗಿ ನಿಂತ ವಾರಿಯರ್‌ನ ಕತ್ತಿಯ ಸ್ಕಿಲ್ 26ರಲ್ಲಿ ಎಷ್ಟಿತ್ತೋ 37ರಲ್ಲೂ ಅಷ್ಟೇ. ಎರಡು ಕೈಯ ಆಕ್ಸ್ ಅಂತೂ ಐರನ್‌ಫೋರ್ಜ್‌ನ ವೆಪನ್ ಮಾಸ್ಟರ್ ಹತ್ತಿರ 10 ಸಿಲ್ವರ್‌ಗೆ ಹೊಸದಾಗಿ ಕಲಿತದ್ದು, ಹಾಗೆ ಕಲಿತದ್ದು 1ರಿಂದಲೇ ಶುರು. ಮೇಜ್‌ಗೋ ವಾರ್‌ಲಾಕ್‌ಗೋ ಈ ತಲೆನೋವಿಲ್ಲ. ಅವರ ಮಂತ್ರ ತಗಲುವುದು ಲೆವೆಲ್ ನೋಡಿಕೊಂಡು. ಬೂಸ್ಟ್‌ನಲ್ಲಿ 37 ಆದ ಮೇಜ್ ಆಚೆ ಬಂದು ಟ್ರೈನರ್ ಹತ್ತಿರ ಹೋದರೆ ಆಡಲು ಸಿದ್ಧ. ವಾರಿಯರ್ ಸಿದ್ಧವಲ್ಲ.

ಸ್ಕಿಲ್ ಕಡಿಮೆ ಇದ್ದರೆ ಆಗುವುದು ಬರೀ ಮಿಸ್ ಅಲ್ಲ. ವಾರಿಯರ್‌ಗೆ ರೇಜ್ (ವಿಶೇಷ ದಾಳಿಗಳಿಗೆ ಖರ್ಚಾಗುವ ಶಕ್ತಿ) ಬರುವುದು ಹೊಡೆದ ಏಟಿನಿಂದ ಮತ್ತು ತಿಂದ ಏಟಿನಿಂದ. ಏಟು ತಗಲದಿದ್ದರೆ ರೇಜ್ ಇಲ್ಲ. ಶತ್ರುವಿನ ಮೇಲೆ ನುಗ್ಗುವ ಚಾರ್ಜ್‌ನ ಎರಡನೇ ರ್‍ಯಾಂಕ್ 12 ರೇಜ್ ಕೊಡುತ್ತದೆ, ಹೀರೋಯಿಕ್ ಸ್ಟ್ರೈಕ್ ಎಂಬ ಜೋರಿನ ಏಟಿಗೆ 15 ಬೇಕು. ಚಾರ್ಜ್ ಮಾಡಿ ಮೊದಲ ಏಟು ಮಿಸ್ ಆಯಿತು ಅಂದರೆ ಕೈ ಕಟ್ಟಿ ನಿಂತ ಹಾಗೆ. ಎರಡು ಕೈಯ ನಿಧಾನದ ಆಯುಧ ಬೇರೆ, ಮುಂದಿನ ಬೀಸಿಗೆ ಮೂರು ಸೆಕೆಂಡ್‌ಗಿಂತ ಹೆಚ್ಚು ಕಾಯಬೇಕು. ಅದೂ ಮಿಸ್ ಆದರೆ? ಆಗ ತಿನ್ನುವ ಏಟಿನಿಂದಷ್ಟೇ ರೇಜ್. ಒಂದು ಮಾಬ್ ಕೊಂದು ಊಟಕ್ಕೆ ಕೂರುವುದು, ಇನ್ನೊಂದು ಕೊಂದು ಮತ್ತೆ ಊಟಕ್ಕೆ ಕೂರುವುದು.

ಸ್ಟ್ಯಾನ್ಸ್‌ಗಳ (ವಾರಿಯರ್‌ನ ಕಾಳಗದ ಭಂಗಿಗಳು) ವಿಷಯ ಇನ್ನೂ ಮುಖ್ಯ, ಇದನ್ನು ಬೂಸ್ಟರ್ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಡಿಫೆನ್ಸಿವ್ ಸ್ಟ್ಯಾನ್ಸ್ 10ನೇ ಲೆವೆಲ್‌ನ ಕ್ವೆಸ್ಟ್‌ನಿಂದ (ಆಟ ಒಪ್ಪಿಸುವ ಕೆಲಸ), ಬರ್ಸರ್ಕರ್ ಸ್ಟ್ಯಾನ್ಸ್ 30ರ ಕ್ವೆಸ್ಟ್‌ನಿಂದ. ಎರಡೂ ಟ್ರೈನರ್ ಹತ್ತಿರ ದುಡ್ಡು ಕೊಟ್ಟರೆ ಸಿಗುವುದಿಲ್ಲ. 30ರದ್ದಕ್ಕೆ ಬ್ಯಾರೆನ್ಸ್ ತೀರದಾಚೆ ರ್‍ಯಾಚೆಟ್ ಹತ್ತಿರದ ಫ್ರೇ ಐಲ್ಯಾಂಡ್‌ಗೆ ಈಜಿ ಹೋಗಿ, ಅಖಾಡದಲ್ಲಿ ಒಬ್ಬೊಬ್ಬರನ್ನಾಗಿ ಸೋಲಿಸಿ, ಕೊನೆಗೆ ಬಿಗ್ ವಿಲ್‌ನನ್ನು ಬೀಳಿಸಬೇಕು. 26ರಿಂದ 37ರವರೆಗೆ ಗೋಡೆಗೆ ಒರಗಿದ್ದರೆ ಈ ಕ್ವೆಸ್ಟ್ ಹಾಗೇ ಉಳಿದಿರುತ್ತದೆ. 36ರಲ್ಲಿ ವರ್ಲ್‌ವಿಂಡ್ ಎಂಬ ದಾಳಿ ಕಲಿಯಬಹುದು, ಆದರೆ ಅದು ಬರ್ಸರ್ಕರ್ ಸ್ಟ್ಯಾನ್ಸ್‌ನಲ್ಲಿ ಮಾತ್ರ ನಡೆಯುತ್ತದೆ. ಸ್ಟ್ಯಾನ್ಸ್ ಇಲ್ಲದೆ ಅದನ್ನು ಇಟ್ಟುಕೊಂಡು ಏನೂ ಮಾಡಲಾಗದು. ಇಂಟರ್‌ಸೆಪ್ಟ್ ಎಂಬ ದಾಳಿಯ ಕಥೆಯೂ ಅದೇ.

30ರಲ್ಲೇ ಸಿಗುವ ವರ್ಲ್‌ವಿಂಡ್ ಆಯುಧದ ಕ್ವೆಸ್ಟ್ ಸಹ ತಪ್ಪಿತು. ಆಲ್ಟರಾಕ್ ಬೆಟ್ಟದ ಬಾತ್‌ರಾ ಕೊಡುವುದು. ಆರಾಥಿಯ ಎಲಿಮೆಂಟಲ್‌ಗಳಿಂದ ಚಾರ್ಮ್‌ಗಳು, ಲೈಫ್‌ರೂಟ್ ಗಿಡ ಇವೆಲ್ಲ ಕೂಡಿಸಿ ಸೈಕ್ಲೋನಿಯನ್‌ನನ್ನು ಕರೆಸಿ ಕೊಲ್ಲಬೇಕು. ಅವನು ಎಲೀಟ್, ಜೊತೆಗೆ ಜನ ಬೇಕು. ಆದರೆ ಆಕ್ಸ್, ಕತ್ತಿ, ಗದೆ ಮೂರರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಬಹುದು, 30ಕ್ಕೆ ಅಂಥ ಆಯುಧ ಬೇರೆ ಇಲ್ಲ. ವಾರಿಯರ್‌ನ ಹೊಡೆತವೆಲ್ಲ ಕೈಯಲ್ಲಿರುವ ಆಯುಧದ ಡ್ಯಾಮೇಜ್ ಮೇಲೆ ನಿಂತಿದೆ. ಹಳೆಯ ಆಯುಧ ಹಿಡಿದ ವಾರಿಯರ್ ಎಷ್ಟು ಲೆವೆಲ್ ಏರಿದರೂ ಹಳೆಯ ವಾರಿಯರ್.

ಮತ್ತೆ ದುಡ್ಡು. ಕ್ವೆಸ್ಟ್ ಮಾಡುತ್ತ ಬಂದವರ ಕೈಯಲ್ಲಿ 37ಕ್ಕೆ ಒಂದಿಷ್ಟು ಗೋಲ್ಡ್ ಇರುತ್ತದೆ. ಬೂಸ್ಟ್‌ನಲ್ಲಿ ಲೂಟ್ ಅವನದು, ಕ್ವೆಸ್ಟ್ ಬಹುಮಾನ ಇಲ್ಲ, ಮೈಮೇಲೆ 26ರ ಕವಚ. ಹನ್ನೊಂದು ಲೆವೆಲ್‌ನ ಟ್ರೈನಿಂಗ್ ಒಟ್ಟಿಗೆ ಬಾಕಿ. 40ಕ್ಕೆ ಪ್ಲೇಟ್ ಕವಚ ಕಲಿತರೂ ಕೊಳ್ಳಲು ಗೋಲ್ಡ್ ಬೇಕು, ಕುದುರೆಗೆ ಸವಾರಿ ಸೇರಿ 100. ನನ್ನ ಕುದುರೆಯ ದುಡ್ಡೇ ಅವನ ಜೇಬಿಗೆ ಹೋದದ್ದು! ಇನ್‌ನಲ್ಲಿ (ಆಟದ ಛತ್ರ) ಎಂಟು ಗಂಟೆಗೆ ಲೆವೆಲ್‌ನ ಶೇಕಡ 5ರಂತೆ ಕೂಡಿಟ್ಟ ರೆಸ್ಟೆಡ್ ಎಕ್ಸ್‌ಪಿಯನ್ನೂ (ವಿಶ್ರಾಂತಿಗೆ ಸಿಗುವ ಹೆಚ್ಚುವರಿ ಎಕ್ಸ್‌ಪಿ) ಅವನ ರನ್‌ಗಳಲ್ಲೇ ಸುರಿದೆ.

ಇಷ್ಟಾದ ಮೇಲೂ ಬೂಸ್ಟ್ ಬೇಕೇ ಬೇಕು ಅನ್ನುವವರು ಒಂದೊಂದೇ ರನ್‌ಗೆ, ರನ್ ಮುಗಿದ ಮೇಲೆ ಕೊಡಿ. ಒಪ್ಪದವನನ್ನು ಬಿಟ್ಟು ಬನ್ನಿ. "ನಾಳೆಯದೂ ಈಗಲೇ ಕೊಟ್ಟರೆ" ಅಂದರೆ ಅಲ್ಲಿಗೆ ಮಾತು ಮುಗಿಸಿ. ಪಾರ್ಟಿಯಲ್ಲಿ ಎಷ್ಟು ಜನ, ಸತ್ತರೆ ಲೆಕ್ಕವೇ, ಇಂಥ ಐಟಂ ಬಿದ್ದರೆ ಯಾರದು, ಮೂರನ್ನೂ ಚಾಟ್‌ನಲ್ಲಿ ಬರೆಸಿಕೊಂಡು ಸ್ಕ್ರೀನ್‌ಶಾಟ್ ತೆಗೆಯಿರಿ. ನಿಲ್ಲುವ ಜಾಗ ಬದಲಿಸು ಅಂದರೆ ಮೊದಲು ಮಾಬ್ ಓಡಾಡುವ ದಾರಿ ನೋಡಿ. 30 ಮುಟ್ಟಿದ ಕೂಡಲೇ ರನ್ ನಿಲ್ಲಿಸಿ ಫ್ರೇ ಐಲ್ಯಾಂಡ್ ಮುಗಿಸಿ ಬನ್ನಿ.

ಈಗಾಗಲೇ ನನ್ನಂತೆ ಸಿಕ್ಕಿಬಿದ್ದವರಿಗೆ: ಸ್ಕಿಲ್ ಏರಲು ಡ್ಯಾಮೇಜ್ ಲೆಕ್ಕಕ್ಕಿಲ್ಲ, ಎಷ್ಟು ಸಲ ಬೀಸಿದಿರಿ ಅನ್ನುವುದೇ ಲೆಕ್ಕ. ಅದೇ ಜಾತಿಯಲ್ಲಿ ಬೇಗ ಬೀಸುವ, ಕಡಿಮೆ ಡ್ಯಾಮೇಜ್‌ನ ಅಗ್ಗದ ಆಯುಧ ಕೊಳ್ಳಿ. ನಿಮಗಿಂತ ಕೆಳಗಿನ ಲೆವೆಲ್ ಮಾಬ್‌ಗಳಿರುವ ಕಡೆ ಹೋಗಿ, ಹೀರೋಯಿಕ್ ಸ್ಟ್ರೈಕ್ ಒತ್ತದೆ ಬರೀ ಬೀಸುತ್ತ ಇರಿ. ಒಂದು ಮಾಬ್ ಹೆಚ್ಚು ಹೊತ್ತು ಬದುಕಿದಷ್ಟೂ ಒಳ್ಳೆಯದು. ಇಂಟೆಲೆಕ್ಟ್ (ಪಾತ್ರದ ಬುದ್ಧಿಯ ಅಂಕ) ಹೆಚ್ಚಿದ್ದರೆ ಸ್ಕಿಲ್ ಬೇಗ ಏರುತ್ತದೆ, ಹಾಗಾಗಿ ಸ್ನೇಹಿತ ಮೇಜ್ ಇದ್ದರೆ ಅದನ್ನು ಏರಿಸುವ ಆರ್ಕೇನ್ ಇಂಟೆಲೆಕ್ಟ್ ಮಂತ್ರ ಹಾಕಿಸಿಕೊಳ್ಳಿ. ಮೊದಲಿನ ನೂರು ಪಾಯಿಂಟ್ ಬೇಗ ಬರುತ್ತವೆ, ಮಿತಿಯ ಹತ್ತಿರ ಹೋದಂತೆ ಒಂದೊಂದಕ್ಕೂ ಒದ್ದಾಟ.

ನನ್ನ ಆಕ್ಸ್ ಸ್ಕಿಲ್ ಈಗ 185ಕ್ಕೆ 142. ಬಿಗ್ ವಿಲ್ ಬಿದ್ದ, ಸ್ಟ್ಯಾನ್ಸ್ ಸಿಕ್ಕಿತು. ಲೆವೆಲ್ ಇನ್ನೂ 37ರಲ್ಲೇ ಇದೆ. ರ್‍ಯಾವೆಜರ್‌ಗೆ ಮತ್ತೆ ಆರ್ಮರಿಗೆ ಹೋಗುತ್ತಿದ್ದೇನೆ. ಟ್ಯಾಂಕ್, ಹೀಲರ್, ಮೂವರು ಹೊಡೆಯುವವರು, ಎಲ್ಲರೂ ಅದೇ ಲೆವೆಲ್‌ನವರು, ಬಿದ್ದದ್ದಕ್ಕೆ ಎಲ್ಲರಿಗೂ ಅವಕಾಶವಿರುವ ಗ್ರೂಪ್ ಲೂಟ್.