ಹಣ ಕೊಟ್ಟು ತರಿಸುವ ಲ್ಯಾಬ್ ರೆಕಾರ್ಡ್ ಮತ್ತು ಗಣಿತದ ಉತ್ತರಗಳ ಬಗ್ಗೆ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಎಚ್ಚರಿಕೆ

ಪ್ರಾಯೋಗಿಕ ಪರೀಕ್ಷೆಗಳು ಹತ್ತಿರವಾಗುತ್ತಿದ್ದಂತೆ ಟೆಲಿಗ್ರಾಂ ಗುಂಪುಗಳಲ್ಲೂ ಕಾಲೇಜುಗಳ ಬಳಿಯ ಝೆರಾಕ್ಸ್ ಅಂಗಡಿಗಳ ಗೋಡೆಗಳ ಮೇಲೂ ‘ಕೆಮಿಸ್ಟ್ರಿ ಲ್ಯಾಬ್, ಮ್ಯಾಥ್ಸ್ ಅಸೈನ್‌ಮೆಂಟ್‌ಗೆ ಸಹಾಯ’ ಎನ್ನುವ ಜಾಹೀರಾತುಗಳು ಮತ್ತೆ ಕಾಣಿಸಿಕೊಳ್ಳುತ್ತಿವೆ. ಅಂಥದೊಂದು ಸೇವೆಯಿಂದ ನನಗೂ ನನ್ನ ತರಗತಿಯ ಒಬ್ಬ ಗೆಳತಿಗೂ ಆದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇದನ್ನು ಓದಿದ ಒಬ್ಬರಾದರೂ ಹಣ ಕಳುಹಿಸುವ ಮುನ್ನ ಕೈ ತಡೆದರೆ ಬರೆದದ್ದಕ್ಕೆ ಪ್ರಯೋಜನವಾಯಿತು ಎಂದುಕೊಳ್ಳುತ್ತೇನೆ.

ತುಮಕೂರು ಜಿಲ್ಲೆಯ ಕಾಲೇಜೊಂದರಲ್ಲಿ ಎರಡನೇ ವರ್ಷದಲ್ಲಿದ್ದಾಗ ಕಾಮಾಲೆಯಿಂದಾಗಿ ನಾನು ಹಲವು ವಾರ ತರಗತಿಗೆ ಹೋಗಲಾಗಲಿಲ್ಲ. ಆ ಅವಧಿಯಲ್ಲಿ ಲ್ಯಾಬ್‌ನಲ್ಲಿ ನೀರಿನ ಗಡಸುತನ (ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಶಿಯಂ ಲವಣಗಳ ಪ್ರಮಾಣ) ಅಳೆಯುವ ಇಡಿಟಿಎ ಟೈಟ್ರೇಶನ್ ಮತ್ತು ಪರ್ಮಾಂಗನೇಟ್ ಟೈಟ್ರೇಶನ್ ಮುಗಿದಿದ್ದವು. ಟೈಟ್ರೇಶನ್ ಎಂದರೆ ಇಡಿಟಿಎ, ಪರ್ಮಾಂಗನೇಟ್‌ನಂಥ ರಾಸಾಯನಿಕದ ದ್ರಾವಣವನ್ನು ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ಸೇರಿಸಿ, ಎಷ್ಟು ಬೇಕಾಯಿತೆಂದು ಅಳೆಯುವುದು. ಗಣಿತದಲ್ಲಿ ಎಕ್ಸಾಕ್ಟ್ ಅವಕಲ ಸಮೀಕರಣಗಳ ಪಾಠ ಆಗಿಹೋಗಿತ್ತು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಲ್ಯಾಬ್ ಮ್ಯಾನುಯಲ್ ಒಂದನ್ನೇ ಇಟ್ಟುಕೊಂಡು ಇದನ್ನೆಲ್ಲ ತಾವಾಗಿಯೇ ಹಿಡಿಯುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ‘ಕನ್ನಡದಲ್ಲೇ ವಿವರಿಸುತ್ತೇವೆ, ವಿಡಿಯೋ ಕರೆಯಲ್ಲಿ ಲೆಕ್ಕ ಬಿಡಿಸಿ ತೋರಿಸುತ್ತೇವೆ’ ಎಂಬ ಜಾಹೀರಾತು ಕಣ್ಣಿಗೆ ಬಿದ್ದದ್ದು ಆಗಲೇ. ಪಾಠ ಹೇಳಿಕೊಡಬೇಕೆಂದು ಸ್ಪಷ್ಟವಾಗಿ ಕೇಳಿ, ಅವರು ಒಪ್ಪಿದ ಮೇಲೆ 1,500 ರೂಪಾಯಿ ಮುಂಗಡವಾಗಿ ಕಳುಹಿಸಿದೆ. ‘ವಿದ್ಯಾರ್ಥಿ ರಿಯಾಯಿತಿ’ಗೆ ಬೇಕೆಂದು ಕಾಲೇಜಿನ ಗುರುತಿನ ಚೀಟಿಯ ಫೋಟೊವನ್ನೂ ತೆಗೆದುಕೊಂಡರು. ಸಿಲಬಸ್ ನೋಡಲು ವಿಶ್ವವಿದ್ಯಾಲಯದ ಪೋರ್ಟಲ್‌ನ ಪಾಸ್‌ವರ್ಡ್ ಬೇಕೆಂದಾಗ ಅದನ್ನು ಕೊಡಲಿಲ್ಲ. ಸಿಲಬಸ್ ಎಲ್ಲರಿಗೂ ಸಿಗುವ ಕಡತ, ಅದಕ್ಕೆ ಯಾರ ಪಾಸ್‌ವರ್ಡೂ ಬೇಕಿಲ್ಲ.

ವಿಡಿಯೋ ಕರೆ ಬರಲೇ ಇಲ್ಲ. ಅದರ ಬದಲು ಒಂದು ಪಿಡಿಎಫ್ ಬಂತು: ಪ್ರಯೋಗದ ಉದ್ದೇಶ, ವಿಧಾನ, ಓದಿಕೆಗಳ ಕೋಷ್ಟಕ, ಲೆಕ್ಕ, ಫಲಿತಾಂಶ ಎಲ್ಲವೂ ಭರ್ತಿಯಾಗಿದ್ದ ರೆಕಾರ್ಡ್. ಜೊತೆಗೆ ‘ಹೀಗೇ ಬರೆದು ಕೊಡಿ, ಸಹಿ ಆಗುತ್ತದೆ’ ಎಂಬ ಒಂದು ಸಾಲು.

ಆ ಪಿಡಿಎಫ್‌ನಲ್ಲಿ ಇದ್ದುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಇಂಥ ಕಡತ ನಿಮ್ಮ ಕೈಗೆ ಬಂದರೆ ಎಲ್ಲಿ ನೋಡಬೇಕೆಂಬುದು ಅದರಿಂದ ತಿಳಿಯುತ್ತದೆ. ಗಡಸುತನದ ಪ್ರಯೋಗದಲ್ಲಿ 50 ಮಿಲಿಲೀಟರ್ ನೀರಿಗೆ 0.01 ಮೋಲಾರ್ ಇಡಿಟಿಎ 5.9 ಮಿಲಿಲೀಟರ್ ಹಿಡಿದಿದೆ ಎಂದು ಬರೆದಿದ್ದರು. ಈ ಸಾಂದ್ರತೆಯ ಇಡಿಟಿಎ ಒಂದು ಮಿಲಿಲೀಟರ್ ಎಂದರೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. ಆದ್ದರಿಂದ ಗಡಸುತನ ಲೀಟರಿಗೆ 118 ಮಿಲಿಗ್ರಾಂ ಎಂದಾಗುತ್ತದೆ. ಲೆಕ್ಕವೇನೋ ಸರಿ. ಆದರೆ ನಮ್ಮ ಲ್ಯಾಬ್‌ನಲ್ಲಿ ಅಳೆಯುವುದು ಕಾಲೇಜಿನ ಕೊಳವೆಬಾವಿಯ ನೀರನ್ನು, ಆ ನೀರಿಗೆ ತರಗತಿಯ ಎಲ್ಲರಿಗೂ 22ರಿಂದ 24 ಮಿಲಿಲೀಟರ್ ಬೇಕಾಗಿತ್ತು, ಅಂದರೆ ಗಡಸುತನ 440ಕ್ಕಿಂತ ಮೇಲೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಅಪೇಕ್ಷಿತ ಮಿತಿ 200, ಬೇರೆ ಮೂಲವಿಲ್ಲದಾಗ 600. ಕುದಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ನಮ್ಮೂರಿನ ನೀರು 118 ಎಂದು ಬರೆದುಕೊಟ್ಟರೆ, ಅದೇ ನೀರನ್ನು ವರ್ಷಗಳಿಂದ ಅಳೆಸುತ್ತಾ ಬಂದ ಮೇಷ್ಟ್ರು ನಂಬುತ್ತಾರೆಯೇ?

ಬಣ್ಣ ಬದಲಾವಣೆಯನ್ನಂತೂ ಹಿಂದುಮುಂದು ಬರೆದಿದ್ದರು. ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಹಾಕಿ, ಪಿಎಚ್ 10ರ ಅಮೋನಿಯಾ ಬಫರ್‌ನಲ್ಲಿ ಟೈಟ್ರೇಟ್ ಮಾಡಿದರೆ ದ್ರಾಕ್ಷಾರಸದಂಥ ಕೆಂಪು ಹೋಗಿ ನೀಲಿ ಬರುತ್ತದೆ. ಪಿಡಿಎಫ್‌ನಲ್ಲಿ ನೀಲಿಯಿಂದ ಕೆಂಪು ಎಂದಿತ್ತು. ಪರ್ಮಾಂಗನೇಟ್ ಪ್ರಯೋಗದಲ್ಲಿ ಮೋರ್ ಲವಣ ಎಂಬ ಕಬ್ಬಿಣದ ಲವಣದ ದ್ರಾವಣಕ್ಕೆ ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಬೇಕೆಂದು ಬರೆದಿದ್ದರು. ಅಲ್ಲಿ ಬಳಸಬೇಕಾದದ್ದು ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲ. ಹೈಡ್ರೊಕ್ಲೋರಿಕ್ ಹಾಕಿದರೆ ಪರ್ಮಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸುತ್ತದೆ, ಕಬ್ಬಿಣದ ಅಯಾನುಗಳು ಇರುವಾಗ ಇದು ಇನ್ನೂ ಸುಲಭವಾಗಿ ಆಗುತ್ತದೆ, ಓದಿಕೆ ಇರಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಅದೇ ಕೋಷ್ಟಕದಲ್ಲಿ ಬ್ಯುರೆಟ್‌ನ (ದ್ರಾವಣವನ್ನು ಅಳೆದು ಬಿಡುವ, ಗೆರೆಗಳಿರುವ ಗಾಜಿನ ಕೊಳವೆ) 12.473 ಎಂಬ ಓದಿಕೆಯೂ ಇತ್ತು. ನಮ್ಮ ಲ್ಯಾಬ್‌ಗಳ ಬ್ಯುರೆಟ್‌ನಲ್ಲಿ ಅತಿ ಸಣ್ಣ ಗೆರೆಯೇ 0.1 ಮಿಲಿಲೀಟರ್‌ನದು, ದಶಾಂಶದ ನಂತರ ಮೂರು ಅಂಕಿಗಳನ್ನು ಅದರಲ್ಲಿ ಓದಲು ಯಾರಿಂದಲೂ ಆಗದು.

ಗಣಿತದ ಉತ್ತರವೂ ಇದೇ ಧಾಟಿಯದು. ಡಿಎಕ್ಸ್‌ನ ಗುಣಕ ‘ಎಕ್ಸ್ ವರ್ಗ + ವೈ ವರ್ಗ + ಎಕ್ಸ್’, ಡಿವೈನ ಗುಣಕ ‘ಎಕ್ಸ್‌ವೈ’ ಇರುವ ಸಮೀಕರಣವನ್ನು ಅವರು ಎಕ್ಸಾಕ್ಟ್ ಎಂದೇ ಹಿಡಿದು, ಮೊದಲ ಗುಣಕವನ್ನು ನೇರವಾಗಿ ಅನುಕಲಿಸಿ ಉತ್ತರ ಕೊಟ್ಟಿದ್ದರು. ಮೊದಲನೆಯದನ್ನು ವೈಗೆ ಸಂಬಂಧಿಸಿ ಅವಕಲಿಸಿದರೆ 2ವೈ, ಎರಡನೆಯದನ್ನು ಎಕ್ಸ್‌ಗೆ ಸಂಬಂಧಿಸಿ ಅವಕಲಿಸಿದರೆ ಬರೀ ವೈ. ಎಕ್ಸಾಕ್ಟ್ ಎನ್ನಲು ಇವೆರಡೂ ಸಮವಾಗಿರಬೇಕು. ಇಲ್ಲಿ ಸಮವಲ್ಲ, ಆದ್ದರಿಂದ ಸಮೀಕರಣ ಎಕ್ಸಾಕ್ಟ್ ಅಲ್ಲ. ಎರಡರ ವ್ಯತ್ಯಾಸವನ್ನು ಎಕ್ಸ್‌ವೈಯಿಂದ ಭಾಗಿಸಿದರೆ ಎಕ್ಸ್‌ನ ವಿಲೋಮ ಸಿಗುತ್ತದೆ, ಅದರಿಂದ ಇಂಟಿಗ್ರೇಟಿಂಗ್ ಫ್ಯಾಕ್ಟರ್, ಅಂದರೆ ಸಮೀಕರಣವನ್ನು ಎಕ್ಸಾಕ್ಟ್ ಮಾಡಲು ಗುಣಿಸಬೇಕಾದ ಪದ, ಎಕ್ಸ್ ಎಂದಾಗುತ್ತದೆ. ಅದರಿಂದ ಗುಣಿಸಿದ ಮೇಲೆ ಮಾತ್ರ ಸರಿಯಾದ ದಾರಿ ತೆರೆಯುತ್ತದೆ. ಅವರ ಉತ್ತರವನ್ನು ಹಿಂದಕ್ಕೆ ಅವಕಲಿಸಿ ನೋಡಿದೆ: ಡಿವೈನ ಮುಂದೆ ಎಕ್ಸ್‌ವೈ ಬದಲು 2ಎಕ್ಸ್‌ವೈ ಬಂತು. ಅವಕಲ ಸಮೀಕರಣದ ಉತ್ತರ ಯಾರಿಂದಲೇ ಬರಲಿ, ಹೀಗೆ ಹಿಂದಕ್ಕೆ ಹೋಗಿ ಮೂಲ ಸಮೀಕರಣ ಸಿಗುತ್ತದೆಯೇ ಎಂದು ನೋಡಲು ಎರಡು ನಿಮಿಷ ಸಾಕು.

ಈ ತಪ್ಪುಗಳನ್ನು ಗುರುತು ಹಾಕಿ, ಒಪ್ಪಿದ ಪಾಠವನ್ನು ಹೇಳಿಕೊಡಿ, ಇಲ್ಲವೇ ಹಣ ಹಿಂದಿರುಗಿಸಿ ಎಂದು ಬರೆದೆ. ಮೊದಲು ಇನ್ನೂ 2,000 ರೂಪಾಯಿ ಕೊಟ್ಟರೆ ‘ಹಿರಿಯ ತಜ್ಞರು’ ನೋಡುತ್ತಾರೆ ಎಂದರು. ಒಪ್ಪದಿದ್ದಾಗ ಮಾತಿನ ರೀತಿಯೇ ಬದಲಾಯಿತು: ನನ್ನ ಗುರುತಿನ ಚೀಟಿಯ ಫೋಟೊವನ್ನೂ ನಮ್ಮ ಸಂಭಾಷಣೆಯನ್ನೂ ಪ್ರಾಂಶುಪಾಲರಿಗೆ ಕಳುಹಿಸಿ, ದುಡ್ಡು ಕೊಟ್ಟು ರೆಕಾರ್ಡ್ ಬರೆಸಿದ್ದಾಳೆ ಎಂದು ದೂರು ಕೊಡುತ್ತೇವೆ ಎಂದರು. ಇವರು ಗುರುತಿನ ಚೀಟಿ ಕೇಳುವುದು ಇದಕ್ಕೇ. ರಿಯಾಯಿತಿ ಎಂಬುದೆಲ್ಲ ನೆಪ.

ನನ್ನ ಗೆಳತಿಯ ಪಾಡು ಇದಕ್ಕಿಂತ ಕಷ್ಟದ್ದಾಯಿತು. ಅದೇ ಪಿಡಿಎಫ್ ಅವಳಿಗೂ ಹೋಗಿತ್ತು, ಬೇರೆ ಸೆಕ್ಷನ್‌ನ ಹುಡುಗನೊಬ್ಬನಿಗೂ ಹೋಗಿತ್ತು. ಇಬ್ಬರ ರೆಕಾರ್ಡ್‌ನಲ್ಲೂ 12.473 ಇದ್ದುದನ್ನು ಕಂಡ ಮೇಷ್ಟ್ರು ಇಬ್ಬರನ್ನೂ ಕರೆದು, ಬ್ಯುರೆಟ್ ಕೈಗೆ ಕೊಟ್ಟು ಈ ಅಂಕಿಯನ್ನು ಓದಿ ತೋರಿಸಿ ಎಂದರು. ರೆಕಾರ್ಡ್‌ಗೆ ಸಹಿ ಆಗಲಿಲ್ಲ, ಆಂತರಿಕ ಅಂಕಗಳೂ ಹೋದವು. ಸಹಿಯಾದ ರೆಕಾರ್ಡ್ ಇಲ್ಲದೆ ನಮ್ಮಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಬಿಡುವುದಿಲ್ಲವಾದ್ದರಿಂದ ಅವಳು ಎಲ್ಲ ಪ್ರಯೋಗಗಳನ್ನೂ ಮತ್ತೆ ಮಾಡಬೇಕಾಯಿತು. ಓದಿನಲ್ಲಿ ಅವಳು ನನಗಿಂತ ಮುಂದಿದ್ದವಳು. ಮನೆಯಲ್ಲಿ ಅಮ್ಮನ ಆಸ್ಪತ್ರೆ ಓಡಾಟದ ನಡುವೆ ಸಮಯ ಸಿಗದೆ ಈ ದಾರಿ ಹಿಡಿದಿದ್ದಳು. ಇಂಥ ಹೊತ್ತಿನಲ್ಲಿರುವವರನ್ನೇ ಹುಡುಕಿ ಮಾರುವುದು ಈ ವ್ಯಾಪಾರದ ರೀತಿ ಎಂಬುದು ನನಗೆ ಅತ್ಯಂತ ನೋವಿನ ಸಂಗತಿ. ಐರ್ಲೆಂಡ್ 2019ರಲ್ಲಿ, ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಇಂಥ ಸೇವೆ ಮಾರುವುದನ್ನೇ ಅಪರಾಧವೆಂದು ಕಾನೂನು ಮಾಡಿದ್ದರ ಹಿಂದಿನ ಕಾಳಜಿ ನನಗೆ ಈಗ ಅರ್ಥವಾಗುತ್ತದೆ.

ನಿಜವಾದ ಸಹಾಯ ನನಗೆ ಸಿಕ್ಕಿದ್ದು ವಿಭಾಗದೊಳಗೇ. ವೈದ್ಯರ ಪ್ರಮಾಣಪತ್ರ ತೋರಿಸಿ ಕೇಳಿದಾಗ ಮೇಷ್ಟ್ರು ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆಸಿಕೊಟ್ಟರು, ನೀಲಿ ಬರುವ ಮುನ್ನ ಹನಿ ಹನಿಯಾಗಿ ಬಿಡುವುದನ್ನು ಅಟೆಂಡರ್ ಅಣ್ಣ ಪಕ್ಕದಲ್ಲೇ ನಿಂತು ತೋರಿಸಿದರು. ಪ್ರಯೋಗಕ್ಕೆ ಮುಂಚೆ ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್‌ನಲ್ಲಿ ಹಂತಗಳನ್ನು ನೋಡಿಕೊಂಡಿದ್ದೆ. ಗಣಿತಕ್ಕೆ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳು ನೆರವಾದವು. ಇವೆರಡನ್ನೂ ನೋಡಲು ಹಣ ಕೊಡಬೇಕಿಲ್ಲ. ಹೊರಗಿನ ಟ್ಯೂಷನ್ ಬೇಕೇ ಬೇಕೆಂದರೆ, ನಿಮ್ಮ ಓದಿಕೆಗಳನ್ನು ಮೊದಲು ಕೇಳಿ ಆಮೇಲೆ ಲೆಕ್ಕ ಹೇಳಿಕೊಡುವವರನ್ನು ಹುಡುಕಿ. ಓದಿಕೆಗಳನ್ನೂ ತಾವೇ ಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಇನ್ನು ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಸಂಭಾಷಣೆ, ಯುಪಿಐ ಪಾವತಿಯ ವಿವರ, ಅವರು ಕಳುಹಿಸಿದ ಕಡತ ಯಾವುದನ್ನೂ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ, ಪೋರ್ಟಲ್‌ನ ಪಾಸ್‌ವರ್ಡ್ ಕೊಟ್ಟಿದ್ದರೆ ಕೂಡಲೇ ಬದಲಿಸಿ, ಅವರು ಹೇಳುವ ಮೊದಲೇ ನೀವೇ ಹೋಗಿ ವಿಭಾಗದ ಮುಖ್ಯಸ್ಥರಿಗೆ ಎಲ್ಲವನ್ನೂ ತಿಳಿಸಿ. ನಾನು ಹಾಗೆ ಮಾಡಿದ ಮೇಲೆ ಅವರ ಬೆದರಿಕೆಗೆ ಬೆಲೆಯೇ ಉಳಿಯಲಿಲ್ಲ. ಹಣದ ವಂಚನೆಗೆ 1930 ಸಹಾಯವಾಣಿಗೆ ಕರೆ ಮಾಡಬಹುದು, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಕರೆಯನ್ನು ಎಷ್ಟು ಬೇಗ ಮಾಡುತ್ತೀರೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.