ಲೂಯಿಜಿಯನ್ನು ‘ಹಾಕಿಕೊಡಲು’ ಹಣ ಕೇಳಿದರೆ ಕೊಡಬೇಡಿ

ದಾವಣಗೆರೆಯಲ್ಲಿ ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ವಿಡಿಯೊ ಗೇಮ್ ಯಂತ್ರಕ್ಕೆ ಆಟಗಳನ್ನು ಕೊಳ್ಳುವವರಿಗೆ, ಅದರಲ್ಲೂ ಮಕ್ಕಳ ಹಟಕ್ಕೆ ಮಣಿದು ಅಂಗಡಿಗೆ ಹೋಗುವ ತಂದೆ-ತಾಯಿಗಳಿಗೆ, ಇದನ್ನು ತಿಳಿಸದೆ ನನಗೆ ಸಮಾಧಾನವಿಲ್ಲ. ‘ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ಯು ಡಿಲಕ್ಸ್’ ಕಾರ್ಟ್ರಿಡ್ಜ್ (ಯಂತ್ರಕ್ಕೆ ತೂರಿಸುವ, ಆಟ ತುಂಬಿದ ಪುಟ್ಟ ಕಾರ್ಡು) ಕೊಂಡಾಗ, ಅದರೊಳಗಿನ, ಮಾರಿಯೊನ ಸಹೋದರ ಲೂಯಿಜಿಯ ಆಟಕ್ಕೆಂದು ಯಾರಾದರೂ ಬೇರೆ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನಿಂದ 1,500 ರೂಪಾಯಿ ಕಿತ್ತುಕೊಂಡರು. ಕಾರ್ಟ್ರಿಡ್ಜಿನ ಬೆಲೆಯನ್ನು ಬಿಟ್ಟು!

“ಸರ್, ಇದರಾಗೆ ಬರೀ ಮಾರಿಯೊ ಇರೋದು. ಲೂಯಿಜಿ ಬೇಕಂದ್ರೆ ನಾವೇ ಹಾಕಿಕೊಡ್ತೀವಿ, ಅದರ ಚಾರ್ಜ್ ಬೇರೆ” ಎಂದು ಕೌಂಟರಿನಲ್ಲಿದ್ದವನು ಹೇಳಿದ. ನನ್ನ ಸ್ವಿಚ್ಚನ್ನು ಒಳಕೋಣೆಗೆ ಒಯ್ದು, ಅರ್ಧ ಗಂಟೆ ಕಾಯಿಸಿ, ಬೆವರೊರೆಸಿಕೊಳ್ಳುತ್ತಾ ಹೊರಬಂದು ಪರದೆಯ ಮೇಲೆ ಲೂಯಿಜಿಯನ್ನು ತೋರಿಸಿದ. ಆ ಬೆವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಈ ಸುಳ್ಳು ನಿಲ್ಲುವುದಕ್ಕೆ ಒಂದು ಅರ್ಧ ಸತ್ಯ ಆಸರೆಯಾಗಿದೆ. 2013ರಲ್ಲಿ, ಸ್ವಿಚ್ಚಿಗೂ ಹಿಂದಿನ ನಿಂಟೆಂಡೊ ಯಂತ್ರವಾದ ವೀ ಯು ಕಾಲದಲ್ಲಿ, ‘ನ್ಯೂ ಸೂಪರ್ ಲೂಯಿಜಿ ಯು’ ನಿಜಕ್ಕೂ ಬೇರೆ ಹಣ ಕೊಟ್ಟು ಪಡೆಯಬೇಕಾದ ಆಟವಾಗಿತ್ತು. ಹಿಂದಿನ ವರ್ಷದ ಮಾರಿಯೊ ಆಟದ ಅದೇ ಭೂಪಟವನ್ನು ಉಳಿಸಿಕೊಂಡು, ಹಂತಗಳನ್ನು ಹೊಸದಾಗಿ ಕಟ್ಟಿ, ಪ್ರತಿ ಹಂತಕ್ಕೂ ಗಡಿಯಾರವನ್ನು ನೂರರಿಂದಲೇ ಇಳಿಸತೊಡಗಿ, ಸೋತರೆ ಅರ್ಧದಿಂದಲೇ ಮತ್ತೆ ಶುರುಮಾಡಲು ಬಿಡುವ ನಡುವಿನ ಬಾವುಟಗಳನ್ನು ಕಿತ್ತುಹಾಕಿದ ಆಟವದು. ಲೂಯಿಜಿ ಹೆಚ್ಚು ಎತ್ತರಕ್ಕೆ ಜಿಗಿಯುತ್ತಾನೆ, ಆದರೆ ನಿಲ್ಲೆಂದಲ್ಲಿ ನಿಲ್ಲದೆ ಜಾರುತ್ತಾನೆ. ಹಳೆಯ ಸರಕಿನಿಂದ ಹೀಗೆ ಹೊಸ ಆಟ ಹುಟ್ಟಿಸುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆಟ ಸೊಗಸಾಗಿಯೇ ಇದೆ. ಆದರೆ 2019ರ ಜನವರಿಯಲ್ಲಿ ಬಂದ ಈ ಸ್ವಿಚ್ ಆವೃತ್ತಿಯಲ್ಲಿ ಎರಡೂ ಆಟಗಳು ಒಂದೇ ಕಾರ್ಟ್ರಿಡ್ಜಿನಲ್ಲಿ, ಒಂದೇ ಬೆಲೆಗೆ, ಮೊದಲಿನಿಂದಲೇ ಇವೆ.

ಇದು ನನಗೆ ತಿಳಿದದ್ದು ಚಿತ್ರದುರ್ಗದ ಅಕ್ಕನ ಮನೆಯಲ್ಲಿ. ನನ್ನ ಕಾರ್ಟ್ರಿಡ್ಜನ್ನು ಅಕ್ಕನ ಮಗ ತನ್ನ ಸ್ವಿಚ್ಚಿಗೆ ಹಾಕಿದೊಡನೆ ಲೂಯಿಜಿ ಅಲ್ಲಿಯೂ ಬಂದು ನಿಂತ. ನನ್ನ ಯಂತ್ರಕ್ಕೆ ‘ಹಾಕಿದ್ದು’ ಅವನ ಯಂತ್ರದಲ್ಲಿ ಹೇಗೆ ಕಾಣಿಸಿತು? “ಮಾವ, ಇದಕ್ಕೂ ದುಡ್ಡು ಕೊಟ್ರಾ?” ಎಂದು ಅವನು ನಕ್ಕಾಗ ಭಾವನೂ ಎದುರಿಗೇ ಕುಳಿತಿದ್ದರು.

ಅಂಗಡಿಗೆ ಫೋನು ಮಾಡಿದರೆ ಮೊದಲು “ಅದು ಅಪ್ಡೇಟ್ ಚಾರ್ಜ್ ಸರ್” ಎಂದರು. ಅಪ್ಡೇಟಿಗೆ ನಿಂಟೆಂಡೊ ಹಣ ತೆಗೆದುಕೊಳ್ಳುವುದಿಲ್ಲ ಎಂದಾಗ “ಸರ್ವೀಸ್ ಚಾರ್ಜ್” ಆಯಿತು. ನೇರವಾಗಿ ಹೋಗಿ ನಿಂತಾಗ, “ಆಟ ಆಡಾಕ ಬರ್ತೈತಲ್ಲ ಸರ್, ಮತ್ತೇನು ತೊಂದ್ರೆ?” ಎಂದು ಬೇರೆ ಗಿರಾಕಿಯ ಕಡೆ ತಿರುಗಿಕೊಂಡರು. ತೊಂದರೆ ಏನೆಂದು ನನ್ನನ್ನೇ ಕೇಳುತ್ತಾರೆ!

ನಿಮ್ಮ ಯಂತ್ರವನ್ನು ಒಳಕೋಣೆಗೆ ಕೊಡಬೇಡಿ, ಕಾರ್ಟ್ರಿಡ್ಜನ್ನು ನಿಮ್ಮ ಕಣ್ಣೆದುರೇ ಹಾಕಿಸಿ. ಬಿಲ್ಲಿನಲ್ಲಿ ಪ್ರತಿಯೊಂದಕ್ಕೂ ಏನೆಂದು ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ ಆ 1,500 ರೂಪಾಯಿಯ ಎದುರು ‘ಆಕ್ಸೆಸರೀಸ್’ ಎಂದಿದೆ. ಆ ಬಿಲ್ಲನ್ನೇ ಹಿಡಿದು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.